ಸದ್ದಿಲ್ಲದೆ ಹೆರುವವರು

ಸೊಸೆ ರಾಣಿ ಬಸುರಿ ಎಂದು ಖಾತ್ರಿಯಾದ ದಿನ ಮಲ್ಲಾಜಮ್ಮ ಯಾರಿಗೂ ಏನೂ ಹೇಳದೆ ಶುಂಠಿ ಹೊಲಕ್ಕೆ ಹೋಗಿ ಸಂಜೆಯವರೆಗೆ ಕಳೆ ಕಿತ್ತಳು. ಸಂತೋಷವಾಗಲಿಲ್ಲವೇ ಎಂದು ಆಮೇಲೊಮ್ಮೆ ನಾನು ಕೇಳಿದಾಗ ಆಕೆ ಹೇಳಿದ್ದು ಇಷ್ಟು: "ಆಯ್ತು ಬುಡಿ. ಅದ್ರ ಹಿಂದೆನೇ ಆ ಬೆಂಚು ಕಣ್ಮುಂದೆ ಬಂತು."

ಅದು ಪೇಟೆಯ ಹೆರಿಗೆ ಆಸ್ಪತ್ರೆಯ ಬೆಂಚು. ಹೆರಿಗೆ ಕೋಣೆಯ ಬಾಗಿಲಿನ ಪಕ್ಕ, ಗೋಡೆಗೆ ಒತ್ತಿಕೊಂಡಿದೆ. ಮಲ್ಲಾಜಮ್ಮನ ಮಗಳು ಪುಟ್ಟಿ ಚೊಚ್ಚಲ ಹೆರಿಗೆಗೆ ಬಂದು ಅದರ ಮೇಲೆ ಕೂತಿದ್ದಳು. ಬೆಳಿಗ್ಗೆ ಬಂದವಳನ್ನು ಯಾರೂ ಒಳಗೆ ಕರೆಯಲಿಲ್ಲ. ಮಧ್ಯಾಹ್ನ ಬೆಂಚಿನ ಪಕ್ಕದ ನೆಲದ ಮೇಲೆಯೇ ಹೆತ್ತಳು. ರಕ್ತ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಸತ್ತಳು. ಮಗುವೂ ಉಳಿಯಲಿಲ್ಲ. ತಡವಾಗಿ ಕರೆತಂದಿದ್ದರು ಎಂದು ಆಸ್ಪತ್ರೆಯವರು ಹೇಳಿದರು.

ಈಗ ರಾಣಿ ಹೋಗಬೇಕಾದದ್ದೂ ಅಲ್ಲಿಗೇ. ಮೈಸೂರು ದೂರ. ರಾಣಿಯ ಮೈಯಲ್ಲಿ ರಕ್ತ ಕಡಿಮೆ, ಹಾಡಿಯಲ್ಲಿ ಹೆರುವಂತಿಲ್ಲ ಎಂದು ಪರೀಕ್ಷೆ ಮಾಡಿದವರು ಖಂಡಿತವಾಗಿ ಹೇಳಿದ್ದರು. ಆ ಮಾತು ಸರಿಯಾದದ್ದೇ. ತವರಿನಲ್ಲಿ ನೋಡಿಕೊಳ್ಳುವವರಿಲ್ಲದ ಹುಡುಗಿ. ಗಂಡ ಬೆಟ್ಟಸ್ವಾಮಿ ಕೊಡಗಿನ ಎಸ್ಟೇಟಿನ ಲೈನ್ ಮನೆಯಲ್ಲಿದ್ದ. ರಾಣಿ ಆ ಬೆಂಚಿಗೆ ಹೋಗಿ ಜೀವಂತ ವಾಪಸು ಬರಬೇಕು. ಆ ವರ್ಷ ಮಲ್ಲಾಜಮ್ಮ ಮಾಡಿದ್ದೆಲ್ಲ ಇದೊಂದಕ್ಕಾಗಿ.

ಅಂತರಸಂತೆಯಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ, ಆನೆ ಕಂದಕದ ಈಚೆಗೆ ಕೆಂಚನಗುಂಡಿ ಹಾಡಿ ಇದೆ. ಜೇನುಕುರುಬರ ಹಾಡಿ. ಮಲ್ಲಾಜಮ್ಮ ಹುಟ್ಟಿದ್ದು ಕಂದಕದ ಆಚೆ, ಈಗ ಜನ ಕಾಲಿಡಬಾರದ ಕಾಡಿನೊಳಗೆ. ಅವರನ್ನು ಹೊರಗೆ ತಂದಾಗ ಆಕೆ ಚಿಕ್ಕವಳು. ತಾಯಿಯ ಹಿಂದೆ ಒಂದು ಕೋಳಿ ಹಿಡಿದುಕೊಂಡು ನಡೆದದ್ದು ನೆನಪಿದೆ, ಅತ್ತದ್ದು ನೆನಪಿಲ್ಲ. ಬೆಳೆದ ಮೇಲೆ ಕೊಡಗಿನಲ್ಲಿ ಮೆಣಸು ಕೊಯ್ದಳು, ಕಂಪಲಾಪುರದ ಕಡೆ ಹೊಗೆಸೊಪ್ಪು ಬೇಯಿಸುವ ಮನೆಗಳಲ್ಲಿ ಸೊಪ್ಪು ಕಟ್ಟಿದಳು, ಈಗ ಹಾಡಿಯ ಸುತ್ತಲಿನ ಶುಂಠಿ ಹೊಲಗಳಲ್ಲಿ ಕೂಲಿ. ಗಂಡ ಮಂಚಯ್ಯ ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್. ಮಾತು ಕಡಿಮೆ, ಹಟ ಹೆಚ್ಚು. ಸಿಟ್ಟು ಬಂದರೆ ಮಲ್ಲಾಜಮ್ಮ ನಗುತ್ತಾಳೆ. ಇದು ಗೊತ್ತಿಲ್ಲದ ಹೊಸಬರು ಆಕೆಯನ್ನು ಸೌಮ್ಯ ಹೆಂಗಸು ಎಂದುಕೊಳ್ಳುತ್ತಾರೆ.

ಈ ಹಾಡಿಯ ಹೆಂಗಸರು ಹೆರುವಾಗ ಕೂಗುವುದಿಲ್ಲ. ಕಾಡಿನೊಳಗಿದ್ದಾಗ ಹೆರುವವಳಿಗೆ ಗುಡಿಸಲಿನ ಪಕ್ಕ ಸೊಪ್ಪಿನ ಮರೆ ಕಟ್ಟುತ್ತಿದ್ದರು. ಗೋಡೆ ಇಲ್ಲ, ಬಾಗಿಲಿಲ್ಲ. ಸದ್ದಾದರೆ ಆನೆ ಬರುತ್ತದೆ, ಹಸಿ ರಕ್ತದ ವಾಸನೆಗೆ ಬೇರೆಯದೂ ಬರುತ್ತದೆ. ಹಾಗಾಗಿ ಹಲ್ಲಿನ ನಡುವೆ ಬಟ್ಟೆ ಕಚ್ಚಿ ಹೆರುವುದನ್ನು ತಾಯಿ ಮಗಳಿಗೆ ಕಲಿಸುತ್ತಿದ್ದಳು. ಹಾಡಿಯ ಸೂಲಗಿತ್ತಿ ದೊಡ್ಡಮ್ಮನಿಗೆ ಆಗಲೇ ಕಣ್ಣು ಮಂದ, ಆದರೆ ಇದರ ಬಗ್ಗೆ ಅನುಮಾನವಿರಲಿಲ್ಲ. "ಆನೆ ಕಿವಿ ಎಷ್ಟು ದೊಡ್ದು ಅಂತ ನೋಡಿದ್ದೀರಾ ಅಮ್ಮಾ? ನಾನು ಹೆರೋಳ ಬೆನ್ ಮ್ಯಾಲೆ ಕೈ ಇಟ್ಕೊಂಡು ಕೂತಿರ್ತಿದ್ದೆ. ಬೆನ್ನೇ ಎಲ್ಲಾ ಹೇಳ್ತಿತ್ತು. ಬಾಯಿ ಯಾಕೆ ಬೇಕು?" ಇದನ್ನು ಮೂಢನಂಬಿಕೆ ಎನ್ನುವವರು ಒಂದು ರಾತ್ರಿ ಆ ಕಂದಕದ ಆಚೆ ಮಲಗಿ ಬಂದು ಮಾತಾಡಲಿ.

ಪುಟ್ಟಿ ಸತ್ತ ಮೇಲೆ ಸುತ್ತಲಿನ ಹಾಡಿಗಳಲ್ಲಿ ಇನ್ನೂ ಕೆಲವು ಬಾಣಂತಿಯರು ತೀರಿಹೋದರು. ಆಗ ನಗರದ ಒಂದು ಸಂಸ್ಥೆಯವರು ಟ್ಯಾಬ್ ಹಿಡಿದುಕೊಂಡು ಬಂದರು. ಸೊಪ್ಪು ತಿನ್ನುತ್ತೀರಾ, ಶೌಚಾಲಯ ಇದೆಯಾ, ಮೈನೆರೆದದ್ದು ಯಾವಾಗ, ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದರು. ಆಸ್ಪತ್ರೆಯಲ್ಲಿ ಏನಾಯಿತು ಎಂದು ಕೇಳಲಿಲ್ಲ. ಆ ಪ್ರಶ್ನೆ ಅವರ ಟ್ಯಾಬಿನಲ್ಲಿರಲಿಲ್ಲ. ಅವರ ವರದಿಯನ್ನು ಹಾಡಿಗೆ ತಂದು ಓದಿದವಳು ಸುಕನ್ಯ. ಪಕ್ಕದ ಹಾಡಿಯ ಹುಡುಗಿ, ಮೈಸೂರಿನಲ್ಲಿ ಸಮಾಜಕಾರ್ಯ ಎಂ.ಎ. ಮಾಡಿ ಸರಗೂರಿನಲ್ಲಿ ಒಂದು ಸಣ್ಣ ಸಂಘದಲ್ಲಿ ಕೆಲಸಕ್ಕಿದ್ದಳು. ಗಿರಿಜನ ಮಹಿಳೆಯರು ಅಜ್ಞಾನದಿಂದಾಗಿ ಆಸ್ಪತ್ರೆಗೆ ತಡವಾಗಿ ಬರುತ್ತಾರೆ ಎಂಬ ಸಾಲಿಗೆ ಬಂದಾಗ ಮಲ್ಲಾಜಮ್ಮ ನಕ್ಕಳು.

"ತಡವಾಗಾ? ನಮ್ ಪುಟ್ಟಿ ಆಸ್ಪತ್ರೆ ಕಸ ಗುಡ್ಸೋರಿಗಿಂತ ಮುಂಚೆ ಹೋಗಿ ಕೂತಿದ್ಲು ಕಣವ್ವ. ಅವ್ರು ಗುಡ್ಸೋವಾಗ ಕಾಲು ಮ್ಯಾಲೆತ್ತಿ ಕೂತ್ಕಳಿ ಅಂದ್ರು. ಎತ್ತೋಕಾಗ್ದೆ ಬೈಸ್ಕೊಂಡ್ಲು."

ಅಲ್ಲಿ ಕೂತಿದ್ದ ಹೆಂಗಸರಲ್ಲಿ ಇನ್ನೊಬ್ಬಳು ತನಗೂ ಹಾಗೇ ಆಯಿತು ಎಂದಳು. ಮತ್ತೊಬ್ಬಳೂ ಎಂದಳು. ಸುಕನ್ಯ ಓದುವುದನ್ನು ನಿಲ್ಲಿಸಿದಳು.

"ಅತ್ತೇ, ಕಾಲೇಜಲ್ಲಿ ಒಂದು ಪಾಠ ಇತ್ತು. ಅಮೆರಿಕದಲ್ಲಿ ಕರಿ ಹೆಂಗಸ್ರು ಹೆರಿಗೇಲಿ ಬಿಳಿಯೋರಿಗಿಂತ ಜಾಸ್ತಿ ಸಾಯ್ತಾರಂತೆ. ಓದಿದೋರೂ, ದುಡ್ಡಿರೋರೂ. ನೋವು ಅಂದ್ರೆ ಡಾಕ್ಟ್ರುಗಳು ನಂಬೋದಿಲ್ವಂತೆ. ಅವ್ರ ಚರ್ಮ ದಪ್ಪ, ನೋವು ಕಮ್ಮಿ ಅಂತ ಅನ್ಕೊಂಡಿದ್ದೋರೂ ಇದ್ರಂತೆ. ಕಡೆಗೆ ಆ ಹೆಂಗಸ್ರೇ ಸೇರ್ಕೊಂಡು ತಮ್ಮೋರನ್ನ ತಾವೇ ಕೇಳಿ, ತಾವೇ ಬರೆದ್ರು. ಅದಕ್ಕೂ ಸಂಶೋಧನೆ ಅಂತಾನೇ ಕರೀತಾರೆ."

ಮಲ್ಲಾಜಮ್ಮ ಕೇಳಿದಳು: "ಅವ್ರೂ ಹಾಡೀಲಿ ಇರ್ತಾರಾ?"

"ಇಲ್ಲ ಅತ್ತೆ, ದೊಡ್ಡ ದೊಡ್ಡ ಊರಲ್ಲಿ."

"ಅಂಗಾದ್ರೆ ಅವ್ರ್ಗೆ ತಡವಾಗಿ ಬಂದ್ರಿ ಅನ್ನೋಕಾಗಲ್ಲ. ಏನಂತಾರೋ ಪಾಪ."

ಹೀಗೆ ಹಾಡಿಯ ಹೆಂಗಸರೇ ತಮ್ಮವರನ್ನು ಕೇಳಿ ಬರೆಯುವ ಕೆಲಸ ಶುರುವಾಯಿತು. ಏನು ಕೇಳಬೇಕೆಂದು ಹೆಂಗಸರೇ ಕೂತು ತೀರ್ಮಾನಿಸಿದರು. ಹೇಗೆ ಕೇಳಬೇಕೆಂಬ ನಿಯಮ ಹಾಕಿದವಳು ದೊಡ್ಡಮ್ಮ: ಯಾರನ್ನೇ ಆಗಲಿ ಕೇಳುವ ಮೊದಲು, ಕೇಳುವವಳು ತನ್ನ ಹೆರಿಗೆಯ ಕಥೆ ಹೇಳಬೇಕು. "ನೀನು ಏನೂ ಹೇಳ್ದೆ ಅವ್ಳ ಬಾಯಿ ಬಿಡಿಸ್ತೀಯಾ? ಅದು ಪೊಲೀಸ್ನೋರು ಮಾಡೋ ಕೆಲ್ಸ." ಬರೆದುಕೊಳ್ಳುತ್ತಿದ್ದ ಸುಕನ್ಯ ಇನ್ನೂ ಹೆತ್ತವಳಲ್ಲ, ಅವಳು ತಾನು ಹುಟ್ಟಿದ ಕಥೆ ಹೇಳಬೇಕಾಯಿತು. ಮಲ್ಲಾಜಮ್ಮ ಪ್ರತಿ ಮನೆಯಲ್ಲೂ ಪುಟ್ಟಿಯ ಸಾವನ್ನು ಹೇಳಬೇಕಾಯಿತು. ಹೇಳಿದಳು. ಒಂದೇ ರೀತಿ ಹೇಳಿದಳು, ಹೆಚ್ಚಿಸಲಿಲ್ಲ, ಕಡಿಮೆ ಮಾಡಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಇಂಥ ಶಿಸ್ತನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಅದಕ್ಕಾಗಿ ಆಕೆಯನ್ನು ಹೊಗಳಿದರೆ ಆಕೆಗೆ ಅರ್ಥವಾಗುವುದಿಲ್ಲ, ಹಾಗಾಗಿ ಹೊಗಳಲಿಲ್ಲ.

ಮನೆಯಿಂದ ಮನೆಗೆ ಒಂದೇ ಚಿತ್ರ ಮೂಡುತ್ತ ಬಂತು. ಬಂದವರು ಬೇಗನೆ ಬಂದಿದ್ದರು. ಬೆಂಚಿನ ತುದಿಗೆ ಕೂರಿಸಿದರು. ಹೊಗೆ ವಾಸನೆ ಎಂದು ಮೂಗು ಮುಚ್ಚಿದರು, ಸ್ನಾನ ಮಾಡಿ ಬಾ ಎಂದರು. ಎಲ್ಲರನ್ನೂ ಏಕವಚನದಲ್ಲಿ ಕರೆದರು. ಹೊಟ್ಟೆ ಮುಟ್ಟಿ ನೋಡಿದವರು ಕಡಿಮೆ. ಊರಿನ ಹೆಂಗಸರು ಬಂದರು, ಕೂಗಿದರು, ಒಳಗೆ ಹೋದರು. ಇವರು ಬಟ್ಟೆ ಕಚ್ಚಿಕೊಂಡು ಕೂತರು. ಇವಳಿಗೆ ಇನ್ನೂ ನೋವೇ ಬಂದಿಲ್ಲ ಎಂದು ಸಿಸ್ಟರ್ ಹೇಳಿಕೊಂಡು ಹೋದದ್ದನ್ನು ಮನೆಮನೆಯಲ್ಲಿ ಕೇಳಿದರು.

ಕೆಲಸ ಮುಗಿಯುವ ಮೊದಲೇ ಅದರ ಸುದ್ದಿ ಊರಿಗೆ ಮುಟ್ಟಿತು. ಮೊದಲು ಮಂಚಯ್ಯ ಕಾಡಿನ ಕ್ಯಾಂಪಿನಿಂದ ಬಂದು, ಉಣ್ಣುವಾಗ ತಟ್ಟೆ ನೋಡುತ್ತ ಹೇಳಿದ:

"ನಿನ್ ಹೆಂಡ್ತಿ ಅದೇನೋ ಮೀಟಿಂಗ್ ಮಾಡ್ತಾವ್ಳಂತೆ ಅಂತ ಕೇಳುದ್ರು."

"ಯಾರು?"

"ಕೇಳೋರು ಕೇಳುದ್ರು. ನಂಗೊತ್ತಿಲ್ಲ ಸಾ ಅಂದೆ."

"ಗೊತ್ತಿಲ್ವಾ ನಿಂಗೆ?"

"ಗೊತ್ತದೆ. ನಾಳೆಗೂ ಕೆಲ್ಸ ಬೇಕಲ್ಲ, ಅದ್ಕೆ ಗೊತ್ತಿಲ್ಲ."

ಆಮೇಲೆ ನಟರಾಜು. ಅಂತರಸಂತೆಯ ಒಕ್ಕಲು ಮನೆಯವನು, ಶುಂಠಿ ಹೊಲ ಅವನದೇ, ಹಾಡಿಯ ಜನರನ್ನು ಕೊಡಗಿಗೆ ಕರೆದೊಯ್ಯುವ ಜೀಪೂ ಅವನದೇ. ಕೆಟ್ಟವನಲ್ಲ, ಹಾಡಿಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಜೀಪು ಕಳಿಸುತ್ತಾನೆ. ಹೊಲದ ಬದುವಿನ ಮೇಲೆ ನಿಂತು ಕೂಗಿ ಹೇಳಿದ:

"ಏನಮ್ಮೋ ಮಲ್ಲಾಜಮ್ಮ, ಡಾಕ್ಟ್ರಮ್ಮನೇ ಆಗ್ಬುಟ್ಟೆಯಂತೆ! ಆಸ್ಪತ್ರೆಯೋರ ಮ್ಯಾಲೆ ಕಂಪ್ಲೇಂಟ್ ಬರೀತಿದ್ದೀರಂತೆ?"

"ಕಂಪ್ಲೇಂಟ್ ಅಲ್ಲ ಕಣಪ್ಪ. ನಡೆದದ್ದು ಹೇಳ್ತೀವಿ."

"ಅದುನ್ನೇ ಕಂಪ್ಲೇಂಟ್ ಅನ್ನೋದು." ನಕ್ಕು, ಆಮೇಲೆ ದನಿ ತಗ್ಗಿಸಿದ. "ನಿನ್ ಸೊಸೆ ದಿನ ತುಂಬ್ತಾ ಅವ್ಳೆ. ನಾಳೆ ಹೋಗ್ಬೇಕಾದ್ದು ಅದೇ ಬಾಗ್ಲಿಗೆ. ಜ್ಞಾಪ್ಕ ಮಡಿಕ್ಕೊ."

ಅದನ್ನು ಬೆದರಿಕೆ ಎಂದು ಹೇಳಲಾರೆ. ಅವನು ನಿಜವನ್ನೇ ಹೇಳಿದ. ಹೇಳುವುದು ಬೇಡವೆನ್ನಲು ಮಲ್ಲಾಜಮ್ಮನಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಹೇಳಲೇಬೇಕು ಎನ್ನಲೂ ಅದೇ ಕಾರಣ. ಆಸ್ಪತ್ರೆ ಈಗಲೇ ಸರಿಹೋಗದಿದ್ದರೆ ರಾಣಿ ಕೂರುವುದು ಅದೇ ಬೆಂಚಿನ ಮೇಲೆ. ಇಬ್ಬರು ಹೆಂಗಸರು ನಮ್ಮ ಮಾತು ಬಿಟ್ಟುಬಿಡಿ ಎಂದು ಹೇಳಿಕಳಿಸಿದರು. ಬಿಟ್ಟರು.

ಮೈಸೂರಿನಿಂದ ಬರುವ ಒಬ್ಬ ಅಧಿಕಾರಿಯ ಮುಂದೆ ಎಲ್ಲವನ್ನೂ ಹೇಳುವುದೆಂದು ದಿನ ಗೊತ್ತಾಯಿತು. ಅದರ ಹಿಂದಿನ ಸಂಜೆ ಸುಕನ್ಯನಿಗೂ ಮಲ್ಲಾಜಮ್ಮನಿಗೂ ಜಗಳವಾಯಿತು.

"ಕೂಗೋದಿಲ್ಲ ಅನ್ನೋದನ್ನ ಹೇಳೋದು ಬ್ಯಾಡ ಅತ್ತೆ. ಅವ್ರು ಅದೊಂದನ್ನೇ ಹಿಡ್ಕೋತಾರೆ."

"ಎಲ್ಲಾ ಮನೇಲೂ ಹೇಳವ್ರಲ್ಲ."

"ಹೇಳವ್ರೆ. ಆದ್ರೆ ತಪ್ಪು ನಮ್ದೇ ಅಂತ ಆಯ್ತದೆ."

"ಬಚ್ಚಿಟ್ರೆ, ಟ್ಯಾಬ್ ತಂದಿದ್ರಲ್ಲ ಅವ್ರ್ಗೂ ನಮ್ಗೂ ಏನ್ ವ್ಯತ್ಯಾಸ? ಅವ್ರು ತಮ್ಗೆ ಬೇಕಾದ್ದು ಬರ್ಕೊಂಡ್ರು. ನಾವೂ ಅಂಗೇ ಮಾಡಾನಾ?"

ಸುಕನ್ಯ ಅತ್ತಳು. ಮಲ್ಲಾಜಮ್ಮ ನಕ್ಕಳು. ಮಾರನೆಯ ದಿನ ಮಲ್ಲಾಜಮ್ಮ ಎಲ್ಲವನ್ನೂ ಹೇಳಿದಳು: ಬೆಂಚು, ವಾಸನೆ, ಏಕವಚನ, ಮುಟ್ಟದೇ ಇದ್ದದ್ದು, ಮತ್ತೆ, ನಾವು ಹೆರುವಾಗ ಸದ್ದು ಮಾಡುವವರಲ್ಲ, ನಮ್ಮ ಮುಖ ನೋಡಿ ತಿಳಿದುಕೊಳ್ಳಬೇಕು ಎಂದು.

ಅಧಿಕಾರಿ ಒರಟನಲ್ಲ. ಕನ್ನಡಕ ತೆಗೆದು, ಗಮನವಿಟ್ಟು ಕೇಳಿದರು. ಕೇಳಿದ ಮೇಲೆ ಅವರ ಮುಖ ಹಗುರವಾಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಅಲ್ಲಿಂದಲೇ ಗೊತ್ತಾಯಿತು.

"ನೋಡಿ, ಇದು ಬಹಳ ಮುಖ್ಯವಾದ ವಿಷಯ," ಎಂದರು. "ಸಮಸ್ಯೆಯ ಮೂಲವನ್ನ ಈ ತಾಯಂದಿರೇ ಗುರುತಿಸಿದ್ದಾರೆ. ನೋವು ಹೇಳಿಕೊಳ್ಳದೆ ಇದ್ದರೆ ಸಿಬ್ಬಂದಿಗಾದರೂ ಹೇಗೆ ಗೊತ್ತಾಗಬೇಕು? ಹಾಡಿಗಳಲ್ಲಿ ಜಾಗೃತಿ ಮೂಡಿಸೋಣ. ನೋವಾದರೆ ಕೂಗಿ. ಸಂಕೋಚ ಬೇಡ. ಅಲ್ಲವೇನಮ್ಮ?"

"ಸ್ವಾಮಿ, ನಾನು ಹೇಳಿದ್ದು ಅದೊಂದೇ ಅಲ್ಲ," ಎಂದಳು ಮಲ್ಲಾಜಮ್ಮ.

"ಗೊತ್ತಮ್ಮ, ಗೊತ್ತು. ಎಲ್ಲಾ ನೋಟ್ ಆಗಿದೆ."

ಚಪ್ಪಾಳೆ ತಟ್ಟಿದರು. ಉಪ್ಪಿಟ್ಟು, ಟೀ ಕೊಟ್ಟರು. ಕೆಲವೇ ವಾರಗಳಲ್ಲಿ ಹಾಡಿಗಳಿಗೆ ಆರೋಗ್ಯ ಕಾರ್ಯಕರ್ತೆಯರು ಬಂದು, ಹೆರಿಗೆ ನೋವು ಬಂದರೆ ಜೋರಾಗಿ ಕೂಗಬೇಕೆಂದು ಹೇಳಿಕೊಟ್ಟು ಹೋದರು. ಆಸ್ಪತ್ರೆಯೊಳಗೆ ಏನೂ ಬದಲಾಗಲಿಲ್ಲ. ಬೆಂಚು ಇದ್ದಲ್ಲೇ ಇತ್ತು.

ರಾಣಿಗೆ ಕೂಗುವುದನ್ನು ಮಲ್ಲಾಜಮ್ಮನೇ ಕಲಿಸಿದಳು. ಬೇರೆ ದಾರಿ ಆಕೆಗೆ ಕಾಣಲಿಲ್ಲ. ಕಂದಕದ ಪಕ್ಕ ಕರೆದುಕೊಂಡು ಹೋಗಿ ನಿಲ್ಲಿಸಿದಳು.

"ಕೂಗು."

"ಏನಂತ ಕೂಗಾನ?"

"ಏನಾದ್ರೂ ಕೂಗು. ಅಯ್ಯೋ ಅನ್ನು. ಅವ್ವಾ ಅನ್ನು. ಸಿಸ್ಟ್ರೇ ಸತ್ತೋಯ್ತೀನಿ ಅನ್ನು."

ರಾಣಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಒಂದು ಸಣ್ಣ ದನಿ ತೆಗೆದಳು.

"ಬೆಕ್ಕು ಕೂಗ್ದಂಗದೆ. ಇನ್ನೂ ಜೋರು!"

ನಾಯಿಗಳು ಬೊಗಳಿದವು. ಗುಡಿಸಲಿನ ಮುಂದೆ ಕೂತಿದ್ದ ಗಂಡಸರು ಸೋಲಾರ್ ಬೇಲಿ ಮುಟ್ಟಿದಳೇನೋ ಎಂದು ಓಡಿ ಬಂದರು. ಎಲ್ಲರೂ ನಕ್ಕರು, ದೊಡ್ಡಮ್ಮ ಒಬ್ಬಳು ನಗಲಿಲ್ಲ. "ಇದೆಲ್ಲ ಕೆಟ್ಟದ್ದು ಕಣವ್ವ. ಬಸ್ರಿ ಹೆಂಗಸು ಸುಮ್ಸುಮ್ನೆ ಕೂಗ್ಬಾರ್ದು," ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಮಲ್ಲಾಜಮ್ಮ ಕೇಳಿಸಿಕೊಳ್ಳಲಿಲ್ಲ. ದಿನವೂ ಕರೆದುಕೊಂಡು ಹೋದಳು. ರಾಣಿ ಬೇಗ ಕಲಿಯುವ ಹುಡುಗಿ. ಕೊನೆಗೊಂದು ದಿನ ಆಕೆ ಕೂಗಿದ ರೀತಿಗೆ ಮಲ್ಲಾಜಮ್ಮನ ಮೈಯೇ ಜುಮ್ಮೆಂದಿತು. ಸಾಕು ಎಂದಳು.

ನೋವು ಬಂದದ್ದು ಒಂದು ಬೆಳಿಗ್ಗೆ, ಸೋನೆ ಹಿಡಿದಿತ್ತು. ಬಂದ ರೀತಿಯೇ ಸರಿಯಾಗಿರಲಿಲ್ಲ. ಅಲೆಯಂತೆ ಬಂದು ಹೋಗುವ ನೋವಲ್ಲ. ಬಂದದ್ದು ಬಂದು ನಿಂತುಬಿಟ್ಟಿತು. ಮಲ್ಲಾಜಮ್ಮ ಹೊಟ್ಟೆಯ ಮೇಲೆ ಕೈಯಿಟ್ಟಳು. ಹಲಗೆಯ ಹಾಗೆ ಗಟ್ಟಿಯಾಗಿತ್ತು, ಸಡಿಲವಾಗಲೇ ಇಲ್ಲ. ದೊಡ್ಡಮ್ಮ ಬಂದು ಮುಟ್ಟಿ, ಕೈ ಹಿಂದೆಗೆದು, "ಹೊರಡ್ರವ್ವ, ಬೇಗ," ಎಂದಳು. ನಟರಾಜು ತಾನೇ ಜೀಪು ತಂದ. ಕೆಸರಿನಲ್ಲಿ ಎಲ್ಲೂ ನಿಲ್ಲಿಸದೆ ಓಡಿಸಿದ. ದಾರಿಯಲ್ಲಿ ರಾಣಿ ಬಟ್ಟೆ ಕಚ್ಚಿಕೊಂಡಿದ್ದಳು.

"ಈಗ್ಲೇ ಕೂಗ್ಬ್ಯಾಡ," ಎಂದಳು ಮಲ್ಲಾಜಮ್ಮ. "ಶಕ್ತಿ ಇಟ್ಕೊ. ಅಲ್ಲಿ ಹೋಗಿ ಕೂಗು."

ಆಸ್ಪತ್ರೆಯ ಹೆರಿಗೆ ಕೋಣೆಯ ಮುಂದೆ ಆಗಲೇ ಒಬ್ಬ ಒಕ್ಕಲು ಹೆಂಗಸು ಕೂತಿದ್ದಳು, ಸರಗೂರಿನ ಕಡೆಯವಳು. ಮಗಳು ರೂಪಶ್ರೀ ಒಳಗಿದ್ದಳು. ಬೆಂಚಿನ ಇನ್ನೊಂದು ತುದಿಗೆ ರಾಣಿಯನ್ನು ಕೂರಿಸಿದರು. ಕೂತವಳೇ ರಾಣಿ ಬಾಯಿಂದ ಬಟ್ಟೆ ತೆಗೆದು ಕೂಗಿದಳು. ಹೇಳಿಕೊಟ್ಟ ಹಾಗೆಯೇ ಕೂಗಿದಳು.

ಒಳಗಿನಿಂದ ಸಿಸ್ಟರ್ ಬಂದಳು. ವಯಸ್ಸಾದವಳು, ಕೆಲಸದಲ್ಲಿ ನುರಿತವಳು ಎಂದೇ ಹೆಸರು. ರಾಣಿಯನ್ನು ನೋಡಿದಳು, ಮಲ್ಲಾಜಮ್ಮನನ್ನು ನೋಡಿದಳು, ಗುರುತು ಹಿಡಿದಳು.

"ಓಹೋ. ಮೀಟಿಂಗ್ ಅಮ್ಮ. ಶುರುವಾಯ್ತಾ ನಿಮ್ದು?"

"ಸಿಸ್ಟ್ರೇ, ಹೊಟ್ಟೆ ಕಲ್ಲಾಗದೆ. ಒಂದ್ಸಲ ಮುಟ್ಟಿ ನೋಡಿ."

"ಕೂಗೋಕೆ ಟ್ರೈನಿಂಗ್ ಕೊಟ್ಟಿದ್ದಾರಂತಲ್ಲ ನಿಮ್ಗೆಲ್ಲ. ಚೆನ್ನಾಗೇ ಕಲಿತಿದ್ದಾಳೆ." ಒಳಗಿದ್ದವರ ಕಡೆ ತಿರುಗಿ ಹೇಳಿದಳು, ಯಾರೋ ನಕ್ಕರು. "ಏಯ್ ಹುಡುಗಿ, ಕೂಗೋದಾದ್ರೆ ಸರಿಯಾಗಿ ಕೂಗು. ಹೆರಿಗೆ ನೋವು ಬಿಟ್ಟು ಬಿಟ್ಟು ಬರುತ್ತೆ. ಒಂದೇ ಸಮನೆ ಹೀಗೆ ಕೂಗಿದ್ರೆ ನಾಟಕ ಅಂತ ಗೊತ್ತಾಗೋಲ್ವಾ ನಮ್ಗೆ?"

ನೋವು ಬಿಡದೆ ನಿಂತು, ಹೊಟ್ಟೆ ಹಲಗೆಯಾದರೆ, ಮಗುವಿಗೆ ಉಸಿರು ಕೊಡುವ ಮಾಸು ಒಳಗೇ ಕಿತ್ತುಕೊಂಡಿದೆ ಎಂದು ಅರ್ಥ. ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಮೊದಲು ಹೇಳಿಕೊಡುವ ಅಪಾಯಗಳಲ್ಲಿ ಇದೊಂದು. ಆ ಸಿಸ್ಟರಿಗೆ ಅದು ಗೊತ್ತಿತ್ತು; ಬೇರೆ ಯಾರ ಹೊಟ್ಟೆಯಾಗಿದ್ದರೂ ಮುಟ್ಟುತ್ತಿದ್ದಳು. ಅವಳಿಗೆ ದ್ವೇಷವಿತ್ತೆಂದು ನಾನು ಹೇಳುವುದಿಲ್ಲ. ಅವಳಿಗೆ ಅಲ್ಲಿ ಒಬ್ಬ ಹೆಂಗಸು ಕಾಣಲಿಲ್ಲ, ಹಾಡಿಯವಳು ಕಂಡಳು.

ಬಾಗಿಲು ಮುಚ್ಚಿತು. ರಾಣಿ ಕೂಗುತ್ತಲೇ ಇದ್ದಳು. ಮಲ್ಲಾಜಮ್ಮ ಬಾಗಿಲು ತಟ್ಟಿದಳು. ಇನ್ನೊಮ್ಮೆ ತಟ್ಟಿದರೆ ಸೆಕ್ಯೂರಿಟಿಯವನನ್ನು ಕರೆಯುತ್ತೇವೆ ಎಂದು ಒಳಗಿನಿಂದ ಹೇಳಿದರು. ಮತ್ತೆ ತಟ್ಟಿದಳು. ಸೆಕ್ಯೂರಿಟಿಯವನು ಬಂದು ಆಕೆಯ ತೋಳು ಹಿಡಿದು ಹೊರಗಿನ ವರಾಂಡಕ್ಕೆ ತಂದು ನಿಲ್ಲಿಸಿದ. ಅಲ್ಲಿಂದ ಬೆಂಚು ಕಾಣುತ್ತಿತ್ತು, ರಾಣಿ ಕಾಣುತ್ತಿದ್ದಳು, ಹತ್ತಿರ ಹೋಗುವ ಹಾಗಿರಲಿಲ್ಲ. ಜೀಪಿನ ಹತ್ತಿರ ನಿಂತಿದ್ದ ನಟರಾಜು ಬಂದು, "ಬುಡೋ ಮಾರಾಯ, ವಯಸ್ಸಾದೋಳು," ಎಂದ. ಸೆಕ್ಯೂರಿಟಿಯವನು ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಕೂಗು ಸಣ್ಣದಾಯಿತು. ಆಮೇಲೆ ನಿಂತಿತು.

ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಒಕ್ಕಲು ಹೆಂಗಸು ಅಷ್ಟು ಹೊತ್ತೂ ಮುಖ ಆ ಕಡೆ ತಿರುಗಿಸಿಕೊಂಡು ಕೂತಿದ್ದಳು. ಕೂಗು ನಿಂತಾಗ ಈ ಕಡೆ ತಿರುಗಿದಳು. ರಾಣಿಯ ಸೀರೆಯನ್ನು ನೋಡಿದಳು, ನೆಲವನ್ನು ನೋಡಿದಳು. ಎದ್ದು ಹೋಗಿ ಬಾಗಿಲಿನ ಮುಂದೆ ನಿಂತು ಒಂದೇ ಮಾತು ಹೇಳಿದಳು, ಅಂಥ ಜೋರಾಗಿಯೂ ಅಲ್ಲ:

"ಏನ್ರೀ ಸಿಸ್ಟರ್, ಈ ಹುಡ್ಗಿಗೆ ಕೆಳಗೆ ರಕ್ತ ಹೋಯ್ತಾ ಅದೆ, ಕಾಣಾಕಿಲ್ವೇನ್ರೀ?"

ಬಾಗಿಲು ತೆರೆಯಿತು. ಸಿಸ್ಟರ್ ಬಂದಳು, ಡಾಕ್ಟರ್ ಬಂದರು, ಟ್ರಾಲಿ ಬಂತು. ಅಲ್ಲಿಂದ ಮುಂದೆ ಎಲ್ಲರೂ ಓಡಿದರು, ಮಾಡಬೇಕಾದ್ದನ್ನೆಲ್ಲ ಮಾಡಿದರು. ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ರಕ್ತ ಏರಿಸುತ್ತಲೇ ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ಮಗು ಹೊಟ್ಟೆಯೊಳಗೇ ಸತ್ತಿತ್ತು. ರಕ್ತ ನಿಲ್ಲದೆ ಇದ್ದುದರಿಂದ ಗರ್ಭಕೋಶ ತೆಗೆದರು. ರಾಣಿ ಬದುಕಿದಳು.

ಬೆಟ್ಟಸ್ವಾಮಿ ಕೊಡಗಿನಿಂದ ಬಂದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ, ಏನಾಯಿತೆಂದು ಯಾರನ್ನೂ ಕೇಳಲಿಲ್ಲ. ಅಕ್ಕ ಪುಟ್ಟಿಯ ವೇಳೆಯೂ ಅವನು ಹೀಗೇ ಕೂತಿದ್ದನಂತೆ. ಹೆಂಡತಿಯನ್ನು ಹಾಡಿಗೆ ಕರೆತಂದ ಮೇಲೆ ಅವನು ಎಸ್ಟೇಟಿಗೆ ವಾಪಸು ಹೋದ. ಮಂಚಯ್ಯನನ್ನು ಆ ತಿಂಗಳು ಕೆಲಸಕ್ಕೆ ಕರೆಯಲಿಲ್ಲ. ಕಾರಣ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮಲ್ಲಾಜಮ್ಮ ರಾಣಿಯ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಒಂದು ಮಧ್ಯಾಹ್ನ ಅವಳು ಕೇಳಿದಳು:

"ಅತ್ತೆ, ನಾನು ಸರಿಯಾಗಿ ಕೂಗ್ಲಿಲ್ವಾ?"

"ಸರಿಯಾಗೇ ಕೂಗ್ದೆ ಮಗ."

"ಬಿಟ್ಟು ಬಿಟ್ಟು ಕೂಗ್ಬೇಕಿತ್ತಂತಲ್ಲ."

"ಯಾವಳು ಹೇಳಿದ್ದು? ಅವಳಿಗೇನ್ ಗೊತ್ತು?" ಎಂದಳು. ಆದರೆ ಆ ಸಿಸ್ಟರಿಗೆ ಗೊತ್ತಿತ್ತು, ಗೊತ್ತಿದ್ದೂ ಹಾಗೆ ಮಾಡಿದಳು ಎಂಬುದು ಮಲ್ಲಾಜಮ್ಮನಿಗೂ ಅಷ್ಟು ಹೊತ್ತಿಗೆ ತಿಳಿದಿತ್ತು. ಸುಕನ್ಯ ಹೇಳಿದ್ದಳು.

ಮಗುವಿನ ಸಾವಿನ ಕಾರಣ ಕೇಳಲು ಬಂದವರಿಗೆ ಆಸ್ಪತ್ರೆಯವರು ಮತ್ತೆ ಅದೇ ಉತ್ತರ ಕೊಟ್ಟರು: ತಡವಾಗಿ ಕರೆತಂದಿದ್ದರು. ಈ ಸಲ ಇನ್ನೊಂದು ಮಾತು ಸೇರಿತ್ತು. ಹಾಡಿಯ ಹೆಂಗಸರು ಈಗೀಗ ಸುಳ್ಳೇ ಕೂಗುತ್ತಾರೆ, ನಿಜವಾದ ನೋವು ಯಾವುದೆಂದು ತಿಳಿಯುವುದು ಕಷ್ಟವಾಗಿದೆ.

ಹೆಂಗಸರು ಮತ್ತೆ ಕೂತರು. ಬಂದವರು ಮೊದಲಿಗಿಂತ ಕಡಿಮೆ. ನೀನು ಕೂಗಿದೆಯಾ ಎಂಬ ಪ್ರಶ್ನೆಯನ್ನು ತೆಗೆದುಹಾಕಿದರು. ನಿನ್ನನ್ನು ಯಾರು ನೋಡಿದರು ಎಂದು ಕೇಳುವುದೆಂದು ತೀರ್ಮಾನವಾಯಿತು. ಅಧಿಕಾರಿಯ ಬಳಿಗೆ ಮತ್ತೆ ಹೋಗಬೇಕೆಂದಳು ಸುಕನ್ಯ. ಯಾರೂ ಬೇಡ ಎನ್ನಲಿಲ್ಲ, ಯಾರೂ ಬರುತ್ತೇನೆ ಎನ್ನಲಿಲ್ಲ.

ಅಷ್ಟರಲ್ಲಿ ಹಾಡಿಯಲ್ಲಿ ಇನ್ನೊಬ್ಬಳಿಗೆ ದಿನ ತುಂಬುತ್ತ ಬಂದಿತ್ತು. ಬೃಂದಾ, ಮಲ್ಲಾಜಮ್ಮನ ತಮ್ಮನ ಮಗಳು. ತಾನು ಆಸ್ಪತ್ರೆಗೆ ಹೋಗುವುದಿಲ್ಲ, ದೊಡ್ಡಮ್ಮನ ಹತ್ತಿರವೇ ಹೆರುತ್ತೇನೆ ಎಂದು ಹಟ ಹಿಡಿದಳು. ದೊಡ್ಡಮ್ಮನ ಕಣ್ಣು ಈಗ ಪೂರಾ ಹೋಗಿದೆ. ಬೃಂದಾಳ ಮೈಯಲ್ಲೂ ರಕ್ತವಿಲ್ಲ. ಹಾಡಿಯಲ್ಲಿ ಹೆತ್ತರೆ ಏನಾಗುತ್ತದೆಂದು ಮಲ್ಲಾಜಮ್ಮನಿಗೆ ಗೊತ್ತು. ಆಸ್ಪತ್ರೆಯಲ್ಲಿ ಏನಾಗುತ್ತದೆಂದೂ ಗೊತ್ತು.

ಯೋಚಿಸಿ ಯೋಚಿಸಿ ಒಂದು ದಿನ ಆಕೆ ಅಂತರಸಂತೆಗೆ ನಡೆದು ಹೋಗಿ ನಟರಾಜುವಿನ ಮನೆಯ ಅಂಗಳದಲ್ಲಿ ನಿಂತಳು. ಆ ಮನೆಯ ಹೊಲದಲ್ಲಿ ಎಷ್ಟೋ ವರ್ಷ ದುಡಿದಿದ್ದರೂ ಕೂಲಿ ಬಿಟ್ಟು ಬೇರೆ ಏನನ್ನೂ ಕೇಳಿದವಳಲ್ಲ. ನಟರಾಜು ಜಗಲಿಯ ಮೇಲೆ ಕೂತಿದ್ದ. ಮಲ್ಲಾಜಮ್ಮ ಅವನನ್ನು ಬಿಟ್ಟು ಅವನ ಹೆಂಡತಿಯನ್ನು ಕರೆದಳು.

"ಅವ್ವಾ, ನಮ್ ಬೃಂದಾ ಹೆರಿಗೆಗೆ ನೀವೊಂದ್ಸಲ ನಮ್ ಜೊತೆ ಆಸ್ಪತ್ರೆಗೆ ಬರ್ಬೇಕು."

"ನಾನಾ? ನಾನ್ ಬಂದು ಏನ್ ಮಾಡ್ಲಮ್ಮ?"

"ಏನೂ ಮಾಡ್ಬ್ಯಾಡಿ. ಬೆಂಚಿನ ಮ್ಯಾಲೆ ಅವ್ಳ ಪಕ್ದಲ್ಲಿ ಕೂತ್ಕಳಿ. ಬೇಕಾದಾಗ ಒಂದ್ ಮಾತು ಆಡಿ. ನೀವು ಆಡುದ್ರೆ ಬಾಗ್ಲು ತೆಗೀತಾರೆ."

ಆಕೆ ಗಂಡನ ಮುಖ ನೋಡಿದಳು. ನಟರಾಜು ಜೀಪಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತ ರಸ್ತೆಯ ಕಡೆ ನೋಡಿದ.

"ಯಾವಾಗಂತೆ?" ಎಂದು ಕೇಳಿದಳು ಆಕೆ.

"ಇದೇ ತಿಂಗಳು ಕಡೇಲಿ."

"ಆಗ ಶುಂಠಿ ಕೀಳೋ ಕೆಲ್ಸ ಇರ್ತದಲ್ಲಮ್ಮ," ಎಂದಳು ಆಕೆ. "ನೋಡಾನ."

ಮಲ್ಲಾಜಮ್ಮ ಆಗಲಿ ಎಂದು ತಲೆಯಾಡಿಸಿ, ನಗುತ್ತ, ಕತ್ತಲಾಗುವ ಮೊದಲು ಹಾಡಿ ಸೇರಬೇಕೆಂದು ಹೊರಟಳು.